ತೆರೆದ ಬಾಗಿಲು, ಮುಚ್ಚಿದ ಬಾಗಿಲು: ಜಟ್‌ಲೆಂಡ್ ಕದನದಲ್ಲಿ ‘ಲಯನ್’ ಉಳಿದ ಬಗೆ

ಮೊದಲ ಮಹಾಯುದ್ಧದ ಕಾಲ, 1916ರ ಮೇ 31, ಮಧ್ಯಾಹ್ನ ನಾಲ್ಕು ಗಂಟೆ. ಡೆನ್ಮಾರ್ಕಿನ ಜಟ್‌ಲೆಂಡ್ ತೀರದಿಂದ ಪಶ್ಚಿಮಕ್ಕೆ, ಉತ್ತರ ಸಮುದ್ರದ ನಡುವೆ, ಬ್ರಿಟಿಷ್ ಬ್ಯಾಟಲ್‌ಕ್ರೂಸರ್ (ದೊಡ್ಡ ತೋಪು, ಹೆಚ್ಚು ವೇಗದ ಯುದ್ಧನೌಕೆ) ‘ಲಯನ್’ ಮತ್ತು ಜರ್ಮನಿಯ ‘ಲುಟ್ಜೋ’ ಹನ್ನೆರಡು ನಿಮಿಷಗಳಿಂದ ಒಂದರ ಮೇಲೊಂದು ಗುಂಡು ಸುರಿಸುತ್ತಿದ್ದವು. ಲುಟ್ಜೋ ಹಾರಿಸಿದ 305 ಮಿ.ಮೀ. ಗುಂಡೊಂದು ಲಯನ್ನಿನ ನಡುಭಾಗದಲ್ಲಿದ್ದ ‘ಕ್ಯೂ’ ಟರೆಟ್ಟಿಗೆ, ಅಂದರೆ ತೋಪುಗಳ ಉಕ್ಕಿನ ಗೂಡಿಗೆ, ಬಂದು ಬಡಿಯಿತು. ಬಡಿದದ್ದು ಎದುರಿನ ಉಕ್ಕಿನ ಹಲಗೆಯೂ ಚಾವಣಿಯ ಹಲಗೆಯೂ ಕೂಡುವ ಸಂದಿಗೆ. ಒಳಹೊಕ್ಕು ಸಿಡಿದ ಗುಂಡು ಚಾವಣಿಯ ಮುಂಭಾಗವನ್ನು ಡಬ್ಬಿಯ ಮುಚ್ಚಳದಂತೆ ಕಿತ್ತೆಸೆಯಿತು. ತೋಪುಗಳ ಪಕ್ಕದಲ್ಲಿದ್ದ ನೌಕಾ ಸೈನಿಕರಲ್ಲಿ ಹೆಚ್ಚಿನವರು ನಿಂತಲ್ಲೇ ಸತ್ತರು.

ಟರೆಟ್ಟಿನ ಅಧಿಕಾರಿ ಮೇಜರ್ ಫ್ರಾನ್ಸಿಸ್ ಹಾರ್ವಿ ಬದುಕುವ ಸ್ಥಿತಿಯಲ್ಲಿರಲಿಲ್ಲ, ಆದರೆ ಪ್ರಜ್ಞೆ ಇತ್ತು. ಕೆಳಗಿನ ಅಂತಸ್ತಿಗೆ ಮಾತು ಮುಟ್ಟಿಸುವ ಕೊಳವೆಯ ಬಾಯಿಗೆ ಮುಖವಿಟ್ಟು ಎರಡು ಆಜ್ಞೆ ಕೊಟ್ಟ: ಮದ್ದಿನ ಮನೆಯ ಬಾಗಿಲು ಮುಚ್ಚಿ, ಒಳಗೆ ನೀರು ಬಿಡಿ. ಆಮೇಲೆ ಇನ್ನೂ ನಡೆಯಬಲ್ಲವನಾಗಿದ್ದ ಒಬ್ಬ ಸಾರ್ಜೆಂಟನನ್ನು ನಾಯಕನಿದ್ದ ಅಟ್ಟಣೆಗೆ ಸುದ್ದಿ ಹೇಳಲು ಕಳಿಸಿದ. ಹಾರ್ವಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು.

ಇಪ್ಪತ್ತೆಂಟು ನಿಮಿಷಗಳ ನಂತರ ಅದೇ ಟರೆಟ್ಟಿನಲ್ಲಿ ಹೊಗೆಯಾಡುತ್ತಿದ್ದ ಬೆಂಕಿ ಒಮ್ಮೆಲೇ ಭುಗಿಲೆದ್ದಿತು. ಮೇಲಿನಿಂದ ಕೆಳಗಿನವರೆಗೆ ದಾರಿಯಲ್ಲಿದ್ದ ಮದ್ದಿಗೆಲ್ಲ ಹತ್ತಿಕೊಂಡು ಜ್ವಾಲೆ ಪಟಸ್ತಂಭದ ಎತ್ತರಕ್ಕೆ ಹಾರಿತು. ಹಡಗು ಮಾತ್ರ ಒಡೆಯಲಿಲ್ಲ.

ಅದಕ್ಕೆ ಎರಡೇ ನಿಮಿಷ ಮೊದಲು, ಅದೇ ಸಾಲಿನಲ್ಲಿ ಸಾಗುತ್ತಿದ್ದ ‘ಕ್ವೀನ್ ಮೇರಿ’ ಸಿಡಿದು 1,266 ಜನರೊಂದಿಗೆ ಮುಳುಗಿತ್ತು. ನಾನು ಈ ಪ್ರಕರಣವನ್ನು ಕೈಗೆತ್ತಿಕೊಂಡದ್ದು ಈ ಎರಡು ನಿಮಿಷಗಳ ಅಂತರಕ್ಕಾಗಿ. ಲಯನ್ ಮತ್ತು ಕ್ವೀನ್ ಮೇರಿ ಹೆಚ್ಚುಕಡಿಮೆ ಅಕ್ಕತಂಗಿಯರು. ಎರಡರಲ್ಲೂ 343 ಮಿ.ಮೀ.ನ ಎಂಟೆಂಟು ತೋಪು, ಎರಡರ ಪಕ್ಕೆಗೂ ಟರೆಟ್ಟಿಗೂ 229 ಮಿ.ಮೀ. ದಪ್ಪದ ಕವಚ, ಎರಡರ ಹೊಟ್ಟೆಯಲ್ಲೂ ಕಾರ್ಡೈಟ್ ಎಂಬ ಅದೇ ಮದ್ದು. ಒಂದೇ ದಿನ, ಒಂದೇ ಶತ್ರು, ಹೆಚ್ಚುಕಡಿಮೆ ಅದೇ ದೂರ. ಒಂದು ಸತ್ತಿತು, ಇನ್ನೊಂದು ಸುಟ್ಟುಕೊಂಡು ಊರಿಗೆ ಬಂತು. ಇತಿಹಾಸದಲ್ಲಿ ಇಷ್ಟು ಹತ್ತಿರದ ಹೋಲಿಕೆ ಸಿಗುವುದು ಅಪರೂಪ.

ಟರೆಟ್ ಎಂಬ ಬಾವಿ

ಟರೆಟ್ ಎಂದರೆ ಹಡಗಿನ ಮೇಲೆ ಕಾಣುವ ತೋಪಿನ ಗೂಡು ಮಾತ್ರ ಎಂದುಕೊಂಡರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಕಾಣುವುದು ಬಾವಿಯ ಕಟ್ಟೆ, ಬಾವಿ ಇರುವುದು ಕೆಳಗೆ. ತೋಪಿನ ಗೂಡಿನ ಕೆಳಗೆ ಒಂದು ಕೆಲಸದ ಕೋಣೆ, ಅದರ ಕೆಳಗೆ ಉದ್ದನೆಯ ಉಕ್ಕಿನ ಕೊಳವೆ, ಕೊಳವೆಯ ಬುಡದಲ್ಲಿ ಮದ್ದನ್ನು ಕೈಯಿಂದ ಕೈಗೆ ದಾಟಿಸುವ ಕೋಣೆ, ಅದಕ್ಕೆ ಅಂಟಿಕೊಂಡು ಮದ್ದಿನ ಮನೆ. ಮದ್ದಿನ ಮನೆ ಎಂಬ ನಮ್ಮ ಕೋಟೆಗಳ ಹಳೆಯ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಬಾವಿಯಿಂದ ಕೊಡ ಎಳೆದಂತೆ ಗುಂಡು ಮತ್ತು ಮದ್ದು ತೊಟ್ಟಿಲೊಂದರಲ್ಲಿ ಕೂತು ಮೇಲೆ ಬರುತ್ತವೆ. ಮೇಲೆ ಬೆಂಕಿ ಬಿದ್ದರೆ ಅದು ಇಳಿಯುವುದೂ ಇದೇ ದಾರಿಯಲ್ಲಿ.

ಕಾರ್ಡೈಟ್ ಎಂಬ ಹೆಸರು ಊಟಿ ರೈಲಿನಲ್ಲಿ ಹೋದವರಿಗೆ ಹೊಸದಲ್ಲ. ಅರವಂಕಾಡಿನಲ್ಲಿ ಅದನ್ನು ತಯಾರಿಸಲೆಂದೇ ಬ್ರಿಟಿಷರು ಕಾರ್ಖಾನೆ ಕಟ್ಟಿದ್ದರು. ನೈಟ್ರೋಗ್ಲಿಸರಿನ್, ನೈಟ್ರೋಸೆಲ್ಯುಲೋಸ್, ಸ್ವಲ್ಪ ವ್ಯಾಸಲೀನ್ ಸೇರಿಸಿ ಕಲಸಿ, ಶಾವಿಗೆಯಂತೆ ಒತ್ತಿ ತೆಗೆದ ಎಳೆಗಳು ಅವು. ಎಳೆಗಳ ಕಟ್ಟನ್ನು ರೇಷ್ಮೆ ಚೀಲದಲ್ಲಿ ಹೊಲಿಯುತ್ತಿದ್ದರು. ರೇಷ್ಮೆಯೇ ಏಕೆಂದರೆ ಅದು ಪೂರ್ತಿ ಉರಿದುಹೋಗುತ್ತದೆ, ತೋಪಿನ ಕೊಳವೆಯಲ್ಲಿ ಕೆಂಡ ಉಳಿಸುವುದಿಲ್ಲ. ಲಯನ್ನಿನ ತೋಪು ಒಂದು ಸಲ ಹಾರಲು ಇಂಥ ನಾಲ್ಕು ಚೀಲ ಬೇಕು, ಒಟ್ಟು ಸುಮಾರು 130 ಕಿಲೋ. ಕಾರ್ಡೈಟಿಗೆ ಬೇಗ ಕಿಡಿ ತಾಗಲೆಂದು ಪ್ರತಿ ಚೀಲದ ತುದಿಗೂ ಕಪ್ಪು ಮದ್ದಿನ ಪಟ್ಟಿ ಇಟ್ಟಿರುತ್ತಿದ್ದರು. ಅಂದರೆ ಬೆಂಕಿಯನ್ನು ಕರೆದು ಕೂರಿಸುವ ವಸ್ತು ಪ್ರತಿ ಚೀಲದಲ್ಲೂ ಸಿದ್ಧವಾಗಿತ್ತು.

ಜರ್ಮನ್ನರ ಕ್ರಮ ಬೇರೆ. ಅವರ ಮದ್ದಿನ ದೊಡ್ಡ ಪಾಲು ಹಿತ್ತಾಳೆಯ ಕೋಶದೊಳಗೆ ಇರುತ್ತಿತ್ತು, ಸಣ್ಣ ಪಾಲು ಮಾತ್ರ ರೇಷ್ಮೆಯಲ್ಲಿ. ಅವರ ಮದ್ದು ಹತ್ತಿಕೊಂಡರೂ ಭಯಂಕರವಾಗಿ ಉರಿಯುತ್ತಿತ್ತೇ ವಿನಾ ಬ್ರಿಟಿಷ್ ಕಾರ್ಡೈಟಿನಂತೆ ಹಡಗನ್ನೇ ಸಿಡಿಸುವಷ್ಟು ವೇಗದ ಒತ್ತಡ ಹುಟ್ಟಿಸುತ್ತಿರಲಿಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಹದಿನಾರು ತಿಂಗಳ ಹಿಂದಿನ ಬೆಂಕಿ

1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕದನದಲ್ಲಿ ಇದೇ ಲಯನ್ ಹಾರಿಸಿದ ಗುಂಡು ಜರ್ಮನಿಯ ‘ಸೀಡ್ಲಿಟ್ಜ್’ನ ಕಟ್ಟಕಡೆಯ ಟರೆಟ್ಟಿನ ಬುಡಕ್ಕೆ ತಾಗಿತ್ತು. ಅಲ್ಲಿದ್ದದ್ದು 230 ಮಿ.ಮೀ. ಉಕ್ಕು. ಗುಂಡು ಅದನ್ನು ಪೂರ್ತಿ ದಾಟಲೇ ಇಲ್ಲ. ಕವಚದೊಳಗೇ ಸಿಡಿದು, ಕಾದ ಉಕ್ಕಿನ ಚೂರುಗಳು ಒಳಗೆ ಚಿಮ್ಮಿ ಮದ್ದಿಗೆ ತಾಗಿದವು. ಕೆಳಗಿದ್ದವರು ತಪ್ಪಿಸಿಕೊಳ್ಳಲು ಪಕ್ಕದ ಟರೆಟ್ಟಿನ ಕಡೆಗಿದ್ದ ಬಾಗಿಲು ತೆರೆದರು. ಬೆಂಕಿ ಅವರ ಹಿಂದೆಯೇ ಹೋಯಿತು. ಎರಡು ಟರೆಟ್ಟಿನ ಸಿಬ್ಬಂದಿಯೂ ಸುಟ್ಟುಹೋದರು, ಸತ್ತವರು 150ಕ್ಕೂ ಹೆಚ್ಚು. ವಿಲ್ಹೆಲ್ಮ್ ಹೈಡ್‌ಕಾಂಪ್ ಎಂಬಾತ ಕಾದು ಕೆಂಪಾಗಿದ್ದ ಕವಾಟದ ಚಕ್ರಗಳನ್ನು ಬರಿಗೈಯಲ್ಲಿ ತಿರುಗಿಸಿ ಮದ್ದಿನ ಮನೆಗಳಿಗೆ ನೀರು ಬಿಟ್ಟ.

ಸೀಡ್ಲಿಟ್ಜ್ ಉಳಿಯಿತು. ಅದರ ಜತೆ ಪಾಠವೂ ಜರ್ಮನಿಗೆ ಹೋಯಿತು. ಮೇಲೆ ತಂದಿಡುವ ಮದ್ದು ಕಡಿಮೆಯಾಯಿತು, ದಾರಿಯಲ್ಲಿ ಬೆಂಕಿ ತಡೆಯುವ ಬಾಗಿಲುಗಳು ಬಂದವು.

ಬ್ರಿಟಿಷ್ ಬ್ಯಾಟಲ್‌ಕ್ರೂಸರ್ ಪಡೆ ಅದೇ ಕದನದಿಂದ ಕಲಿತದ್ದು ಬೇರೆಯದನ್ನೇ: ಇನ್ನೂ ಬೇಗ ಗುಂಡು ಹಾರಿಸಬೇಕು. ಇದರಲ್ಲಿ ಮೂರ್ಖತನ ಹುಡುಕುವುದು ನನಗೆ ಸರಿಕಾಣುವುದಿಲ್ಲ. ಈ ಪಡೆಯ ಮುಖ್ಯಸ್ಥ ಬೀಟಿಯ ಹಡಗುಗಳು ಸ್ಕಾಟ್ಲೆಂಡಿನ ರೊಸೈತ್‌ನಲ್ಲಿ ನಿಂತಿದ್ದವು. ಅಲ್ಲಿ ದೂರದ ಗುರಿ ಅಭ್ಯಾಸಕ್ಕೆ ಅನುಕೂಲ ಕಡಿಮೆ. ಗುರಿ ನಿಖರವಾಗಿಲ್ಲದಿದ್ದರೆ ಸಂಖ್ಯೆಯಿಂದಾದರೂ ಶತ್ರುವನ್ನು ಮುಚ್ಚಿಬಿಡೋಣ ಎಂಬ ಯೋಚನೆ ಸಹಜವೇ. ಆದರೆ ಅದಕ್ಕೆ ತೆತ್ತ ಬೆಲೆ ಕೆಳಗಿನ ಕತ್ತಲೆಯಲ್ಲಿತ್ತು. ಬೇಗ ಹಾರಿಸಬೇಕಾದರೆ ಮದ್ದು ಕೈಗೆಟುಕುವಂತಿರಬೇಕು. ಹಾಗಾಗಿ ಮದ್ದಿನ ಮನೆಯ ಬಾಗಿಲುಗಳು ಕದನದುದ್ದಕ್ಕೂ ತೆರೆದೇ ಇರುತ್ತಿದ್ದವು, ಚೀಲಗಳಿದ್ದ ಡಬ್ಬಿಗಳ ಮುಚ್ಚಳ ಮೊದಲೇ ತೆಗೆದಿಡುತ್ತಿದ್ದರು, ರೇಷ್ಮೆ ಚೀಲಗಳು ದಾಟಿಸುವ ಕೋಣೆಯಲ್ಲಿ ರಾಶಿಯಾಗಿ ಬಿದ್ದಿರುತ್ತಿದ್ದವು. ಕಾಗದದ ಮೇಲಿನ ವಿನ್ಯಾಸದಲ್ಲಿ ಬಾಗಿಲು ಇತ್ತು. ಬಳಕೆಯಲ್ಲಿ ಇರಲಿಲ್ಲ.

ಡಾಗರ್ ಬ್ಯಾಂಕಿನ ನಂತರ ಲಯನ್ನಿಗೆ ಮುಖ್ಯ ಗನ್ನರ್ ಆಗಿ ಬಂದ ಅಲೆಕ್ಸಾಂಡರ್ ಗ್ರಾಂಟ್ ಈ ಪ್ರಕರಣದ ಇನ್ನೊಬ್ಬ ನಾಯಕ. ಪದಕದ ಕಥೆಗಳಲ್ಲಿ ಇವನ ಹೆಸರು ಬರುವುದು ಕಡಿಮೆ, ನನಗೆ ಅದು ಬೇಸರದ ಸಂಗತಿ. ಮದ್ದಿನ ಮನೆಗಳ ಸ್ಥಿತಿ ಕಂಡು ಗಾಬರಿಯಾದ ಗ್ರಾಂಟ್ ತನ್ನ ಹಡಗಿನ ಮಟ್ಟಿಗೆ ನಿಯಮ ಬದಲಿಸಿದ. ಕದನದಲ್ಲಿ ಒಂದೇ ಬಾಗಿಲು ತೆರೆದಿರಬೇಕು. ಆ ಕ್ಷಣಕ್ಕೆ ಬೇಕಾದ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಬೇಕು. ಗುಂಡಿನ ಸದ್ದು ಸ್ವಲ್ಪ ನಿಂತರೂ ಬಾಗಿಲು ಹಾಕಿಬಿಡಬೇಕು. ಇದರಿಂದ ತೋಪು ಹಸಿದು ಕೂರುತ್ತದೆ ಎಂಬ ಅನುಮಾನ ಎದ್ದಾಗ, ಹಾಗಾಗುವುದಿಲ್ಲ ಎಂದು ಮಾಡಿ ತೋರಿಸಿದ. ಕ್ಯಾಪ್ಟನ್ ಚ್ಯಾಟ್‌ಫೀಲ್ಡ್ ಒಪ್ಪಿದ. ಆದರೆ ಇದು ಲಯನ್ನಿನ ನಿಯಮವಾಗಿ ಉಳಿಯಿತು, ಪಡೆಯ ನಿಯಮವಾಗಲಿಲ್ಲ.

ಆ ಅರ್ಧ ಗಂಟೆ

ಬೀಟಿಯ ಕೈಯಲ್ಲಿ ಆರು ಬ್ಯಾಟಲ್‌ಕ್ರೂಸರ್, ಎದುರಾಳಿ ಹಿಪ್ಪರ್ ಕೈಯಲ್ಲಿ ಐದು. 3:48ಕ್ಕೆ ಗುಂಡು ಶುರುವಾಯಿತು. 4:02ಕ್ಕೆ ಸಾಲಿನ ಕೊನೆಯಲ್ಲಿದ್ದ ‘ಇಂಡಿಫ್ಯಾಟಿಗಬಲ್’ ಅನ್ನು ‘ಫಾನ್ ಡೆರ್ ಟಾನ್’ ಹೊಡೆಯಿತು. ಹಿಂಭಾಗದಲ್ಲಿ ಸ್ಫೋಟವಾಗಿ ಸಾಲಿನಿಂದ ಹೊರಗೆ ಜಾರಿತು, ಮತ್ತೆ ಮುಂಭಾಗಕ್ಕೆ ಗುಂಡು ಬಿದ್ದು ಇಡೀ ಹಡಗು ಸಿಡಿಯಿತು. 1,017 ಜನ ಸತ್ತರು, ಉಳಿದವರನ್ನು ಒಂದು ಕೈಯ ಬೆರಳಲ್ಲೇ ಎಣಿಸಬಹುದಿತ್ತು. 4:26ಕ್ಕೆ ಕ್ವೀನ್ ಮೇರಿಯ ಸರದಿ. ಡೆರ್ಫ್ಲಿಂಗರ್, ಸೀಡ್ಲಿಟ್ಜ್ ಎರಡೂ ಅದರ ಮೇಲೆ ಗುರಿ ನೆಟ್ಟಿದ್ದವು. ಆಗಲೇ ಬೀಟಿ ಚ್ಯಾಟ್‌ಫೀಲ್ಡ್ ಕಡೆ ತಿರುಗಿ, ಇವತ್ತು ನಮ್ಮ ಹಡಗುಗಳಿಗೆ ಏನೋ ಆಗಿದೆ ಎಂದದ್ದು. 4:28ಕ್ಕೆ ಅವನ ಕಾಲಡಿಯ ಹಡಗಿನಲ್ಲೇ ಜ್ವಾಲೆ ಎದ್ದಿತು.

ಆ ಜ್ವಾಲೆ ಬಾವಿಯ ತಳಕ್ಕೆ ಮುಟ್ಟಿದಾಗ ಮದ್ದಿನ ಮನೆಯ ಬಾಗಿಲು ಹಾಕಿತ್ತು, ಒಳಗೆ ನೀರು ತುಂಬಿತ್ತು. ಅನಿಲದ ಒತ್ತಡಕ್ಕೆ ಮದ್ದಿನ ಮನೆಯ ಉಕ್ಕಿನ ಗೋಡೆಗಳು ಒಳಮುಖವಾಗಿ ಉಬ್ಬಿದ್ದನ್ನು ಆಮೇಲೆ ಕಂಡರು. ಒಳಗಿನ ನೀರು ಆ ಗೋಡೆಗಳಿಗೆ ಬೆನ್ನು ಕೊಟ್ಟಿತ್ತು. ದಾಟಿಸುವ ಕೋಣೆಯಲ್ಲಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಅವರ ದೇಹಗಳನ್ನು ನೋಡಿದವರು ಬರೆದಿಟ್ಟ ಒಂದು ವಿವರ ನನ್ನನ್ನು ಬಿಟ್ಟುಹೋಗುವುದಿಲ್ಲ. ಕೆಲವರು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಕೈ ಮರೆಮಾಡಿದ ಜಾಗದಲ್ಲಿ ಮುಖದ ಚರ್ಮ ಬಣ್ಣವನ್ನೂ ಬದಲಿಸಿರಲಿಲ್ಲ. ಅಷ್ಟು ಕ್ಷಣಿಕ ಆ ಜ್ವಾಲೆ. ಅಷ್ಟೇ ಸಮಯ ಬಾಗಿಲು ತೆರೆದಿದ್ದರೂ ಸಾಕಿತ್ತು.

ಸಂಜೆ 6:30ರ ಹೊತ್ತಿಗೆ ಬ್ರಿಟಿಷರ ಇನ್ನೊಂದು ಬ್ಯಾಟಲ್‌ಕ್ರೂಸರ್ ‘ಇನ್ವಿನ್ಸಿಬಲ್’ ಕೂಡ ನಡುಭಾಗದ ಟರೆಟ್ಟಿಗೆ ಏಟು ತಿಂದು ಎರಡು ತುಂಡಾಯಿತು. ಅಡ್ಮಿರಲ್ ಹೊರೇಸ್ ಹುಡ್ ಸೇರಿ 1,026 ಜನ ಹೋದರು, ಆರು ಜನ ಉಳಿದರು.

ಕವಚ ದಪ್ಪವಿದ್ದಿದ್ದರೆ?

ಯುದ್ಧನೌಕೆಗಳ ‘ಹೀಗಾಗಿದ್ದರೆ’ ಚರ್ಚೆಯಲ್ಲಿ ಮೊದಲು ಕೇಳಿಬರುವುದು ಇದೇ. ಬ್ಯಾಟಲ್‌ಕ್ರೂಸರ್ ಎಂಬ ಕಲ್ಪನೆಯೇ ತಪ್ಪು, ವೇಗಕ್ಕಾಗಿ ಕವಚ ಮಾರಿಕೊಂಡರು, ಅದಕ್ಕೇ ಸತ್ತರು ಎನ್ನುತ್ತಾರೆ. ಅಂಕಿಗಳು ಈ ಮಾತಿಗೆ ಪೂರಕವಾಗಿಯೇ ಇವೆ. ಇಂಡಿಫ್ಯಾಟಿಗಬಲ್‌ನ ಪಕ್ಕೆಯ ಕವಚ 152 ಮಿ.ಮೀ., ಅದನ್ನು ಮುಳುಗಿಸಿದ ಫಾನ್ ಡೆರ್ ಟಾನ್‌ನದು 250, ಸೀಡ್ಲಿಟ್ಜ್‌ನದು 300. ತೆಳು ಕವಚ ಗುಂಡನ್ನು ಒಳಗೆ ಬಿಟ್ಟಿತು ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಗುಂಡು ಒಳಗೆ ಬಂದ ಹಡಗುಗಳೆಲ್ಲ ಸಿಡಿಯಲಿಲ್ಲ. ಬೀಟಿಯ ಸಾಲಿನ ‘ಟೈಗರ್’ಗೆ ಹದಿನೈದರಷ್ಟು ಭಾರಿ ಗುಂಡು ಬಿದ್ದವು, ಅದರಲ್ಲಿ ಸತ್ತವರು 24. ಜರ್ಮನ್ ಕಡೆ ನೋಡಿದರೆ ಸೀಡ್ಲಿಟ್ಜ್‌ನ ಒಂದು ಟರೆಟ್ಟಿಗೆ ಅಂದು ಕ್ವೀನ್ ಮೇರಿಯ ಗುಂಡೇ ತಾಗಿ ಮದ್ದು ಹತ್ತಿಕೊಂಡಿತ್ತು, ಈ ಸಲ ಬೆಂಕಿ ಅಲ್ಲೇ ನಿಂತಿತು. ಸಂಜೆ ಡೆರ್ಫ್ಲಿಂಗರ್‌ನ ಹಿಂದಿನ ಎರಡು ಟರೆಟ್ಟುಗಳೂ ಒಳಗಿನವರ ಸಮೇತ ಉರಿದುಹೋದವು, ಹಡಗು ತೇಲುತ್ತಲೇ ಇತ್ತು. ಅಂದರೆ 300 ಮಿ.ಮೀ. ಕವಚದ ಹಡಗಿನಲ್ಲೂ ಬೆಂಕಿ ಒಳಗೆ ಹೋಯಿತು. ಉಳಿಸಿದ್ದು ಒಳಗೆ ಏನಿತ್ತು, ಹೇಗಿಟ್ಟಿದ್ದರು ಎಂಬುದು.

ಇನ್ನೊಂದು ಸಾಕ್ಷಿಯಲ್ಲಿ ಶತ್ರುವೇ ಇಲ್ಲ. ಬ್ರಿಟಿಷ್ ಯುದ್ಧನೌಕೆ ‘ಬುಲ್ವರ್ಕ್’ 1914ರ ನವೆಂಬರ್ 26ರಂದು ಲಂಗರಿನಲ್ಲಿದ್ದಾಗಲೇ ಸಿಡಿಯಿತು. ‘ನಟಾಲ್’ 1915ರ ಡಿಸೆಂಬರ್ 30ರಂದು, ‘ವ್ಯಾನ್‌ಗಾರ್ಡ್’ 1917ರ ಜುಲೈ 9ರಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ನೆಲೆಯಲ್ಲಿ, ಎಲ್ಲವೂ ಬಂದರಿನ ನೀರಲ್ಲಿ ನಿಂತಿದ್ದಾಗ. ಇವುಗಳಲ್ಲಿ ವ್ಯಾನ್‌ಗಾರ್ಡ್ ದಪ್ಪ ಕವಚದ ಡ್ರೆಡ್‌ನಾಟ್, ಅಂದರೆ ದೊಡ್ಡ ತೋಪುಗಳ ಮುಖ್ಯ ಯುದ್ಧನೌಕೆ. ಹೊರಗಿನ ಉಕ್ಕು ಎಷ್ಟೇ ಇರಲಿ, ಒಳಗಿನ ಕಾರ್ಡೈಟಿಗೆ ಅದು ಉತ್ತರವಲ್ಲ.

ಲೆಕ್ಕ ಬದಲಿಸಿ ನೋಡಿದರೆ

ನಾನು ಬದಲಿಸುವುದು ಒಂದೇ ಅಂಶ. ಗ್ರಾಂಟ್‌ನ ನಿಯಮ 1915ರ ಬೇಸಿಗೆಯಲ್ಲೇ ಇಡೀ ಪಡೆಗೆ ಆಜ್ಞೆಯಾಗಿ ಹೋಗಿತ್ತು ಎಂದುಕೊಳ್ಳೋಣ. ಅದಕ್ಕೆ ಹೊಸ ಹಡಗು ಬೇಡ, ಉಕ್ಕು ಬೇಡ, ಹಣ ಬೇಡ. ಮಿಕ್ಕದ್ದೆಲ್ಲ ಇದ್ದಂತೆಯೇ ಇರಲಿ, ಅವೇ ಗುಂಡುಗಳು ಅಲ್ಲಲ್ಲೇ ಬೀಳಲಿ.

ಇಂಡಿಫ್ಯಾಟಿಗಬಲ್ ಉಳಿಯುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ; 178 ಮಿ.ಮೀ. ಟರೆಟ್‌ಬುಡದ ಆ ಹಡಗಿಗೆ ಬಿದ್ದ ಏಟು ಬಹಳ. ಕ್ವೀನ್ ಮೇರಿ ಮತ್ತು ಇನ್ವಿನ್ಸಿಬಲ್ ಒಂದೋ ಎರಡೋ ಟರೆಟ್ ಸುಟ್ಟುಕೊಂಡು ತೇಲುತ್ತಿದ್ದ ಸಾಧ್ಯತೆ ಗಟ್ಟಿಯಾಗಿದೆ. ಮೂರೂ ಉಳಿದವು ಎಂದೇ ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ಬ್ರಿಟನ್ ಕಳೆದುಕೊಂಡದ್ದು ಸುಮಾರು 1,13,000 ಟನ್ ಹಡಗು, ಜರ್ಮನಿ ಸುಮಾರು 62,000. ಈ ಮೂರು ಹಡಗುಗಳ ತೂಕವೇ 62,000 ಟನ್ನಿನಷ್ಟು. ಕಳೆದರೆ ಬ್ರಿಟನ್ನಿನ ನಷ್ಟ 51,000ಕ್ಕೆ ಇಳಿದು ಜರ್ಮನಿಗಿಂತ ಕಡಿಮೆಯಾಗುತ್ತದೆ. ಸತ್ತ ಬ್ರಿಟಿಷರು 6,094, ಜರ್ಮನ್ನರು 2,551. ಮೂರು ಹಡಗಿನಲ್ಲಿ ಹೋದವರು 3,309, ಅಂದರೆ ಅರ್ಧಕ್ಕಿಂತ ಹೆಚ್ಚು. ಟರೆಟ್ ಸುಟ್ಟು ಸಾಯುವವರನ್ನು ಮತ್ತೆ ಸೇರಿಸಿದರೂ ಎರಡು ಕಡೆಯ ಸಾವು ಹತ್ತಿರ ಹತ್ತಿರ ಬರುತ್ತದೆ. ಜರ್ಮನಿ ತಾನು ಗೆದ್ದೆ ಎಂದು ಸಾರಿದ್ದು ಈ ಅಂಕಿಗಳ ಬಲದಿಂದ. ಆ ಬಲ ಉಳಿಯುತ್ತಿರಲಿಲ್ಲ.

ಸಮುದ್ರದ ಮೇಲಿನ ಹಿಡಿತ ಮಾತ್ರ ಹೇಗಿತ್ತೋ ಹಾಗೇ ಇರುತ್ತಿತ್ತು. ಕತ್ತಲಾಗುತ್ತಿತ್ತು, ಜರ್ಮನ್ ನೌಕಾಸೇನೆಯ ಮುಖ್ಯಸ್ಥ ಶೇರ್ ರಾತ್ರಿಯಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದ, ಜರ್ಮನಿಯ ಮೇಲಿನ ಬ್ರಿಟಿಷ್ ದಿಗ್ಬಂಧನ ಮುಂದುವರಿಯುತ್ತಿತ್ತು. ಮೂರು ಬ್ಯಾಟಲ್‌ಕ್ರೂಸರ್‌ಗಳಿಂದ ಯುದ್ಧದ ದಿಕ್ಕು ಬದಲಾಗುತ್ತಿತ್ತು ಎನ್ನುವವರ ಜತೆ ನಾನಿಲ್ಲ.

ಉಲ್ಟಾ ಕಡೆಯಿಂದ ನೋಡಿದರೆ ಭಯವಾಗುತ್ತದೆ. ಗ್ರಾಂಟ್ ಲಯನ್ನಿಗೆ ಬಾರದೆ, ಹಾರ್ವಿ ಆ ಗುಂಡಿಗೆ ತಕ್ಷಣ ಸತ್ತಿದ್ದರೆ, 4:28ಕ್ಕೆ ಲಯನ್ ಇರುತ್ತಿರಲಿಲ್ಲ. ಇಪ್ಪತ್ತಾರು ನಿಮಿಷಗಳಲ್ಲಿ ಆರರಲ್ಲಿ ಮೂರು ಹಡಗು, ಜತೆಗೆ ಪಡೆಯ ಮುಖ್ಯಸ್ಥ. ಅದಾಗಿ ಹತ್ತು ನಿಮಿಷಕ್ಕೆ ದಕ್ಷಿಣದಿಂದ ಶೇರ್‌ನ ಇಡೀ ನೌಕಾಸೇನೆ ಬರುತ್ತಿರುವ ಸುದ್ದಿ ಬಂತು, ಬೀಟಿ ಉತ್ತರಕ್ಕೆ ತಿರುಗಿ ಅದನ್ನು ಬ್ರಿಟಿಷ್ ಮುಖ್ಯ ನೌಕಾಸೇನೆಯ ನಾಯಕ ಜೆಲಿಕೋ ಕಡೆಗೆ ಎಳೆದುಕೊಂಡು ಹೋದ. ನಾಯಕನ ಹಡಗು ಕಣ್ಣೆದುರೇ ಸಿಡಿದ ಮೇಲೆ ಉಳಿದ ಮೂರು ಹಡಗು ಆ ತಿರುವನ್ನು ಸಮಯಕ್ಕೆ ತೆಗೆದುಕೊಳ್ಳುತ್ತಿದ್ದವೇ? ಜಟ್‌ಲೆಂಡಿನ ಪರ್ಯಾಯ ಕಥೆಗಳಲ್ಲಿ ನನಗೆ ಅತ್ಯಂತ ನಿಜವೆನಿಸುವುದು ಇದು, ಏಕೆಂದರೆ ಇದಕ್ಕೆ ಬೇಕಾದದ್ದು ತೆರೆದ ಒಂದು ಬಾಗಿಲು ಮಾತ್ರ, ಅಕ್ಕಪಕ್ಕದ ಹಡಗುಗಳಲ್ಲಿ ಅದು ತೆರೆದೇ ಇತ್ತು.

ಜರ್ಮನ್ನರ ಪಾಠವನ್ನೂ ಅತಿಯಾಗಿ ಹೊಗಳಬಾರದು. ಡಾಗರ್ ಬ್ಯಾಂಕಿನಲ್ಲಿ ಸೀಡ್ಲಿಟ್ಜ್ ಉಳಿದದ್ದು ಪಾಠ ಕಲಿಯುವ ಮೊದಲು. ಅಂದು ಅದರ ಹೊಟ್ಟೆಯಲ್ಲಿ ಬ್ರಿಟಿಷ್ ಕಾರ್ಡೈಟ್ ಇದ್ದಿದ್ದರೆ ಹೈಡ್‌ಕಾಂಪ್ ಕವಾಟದ ಹತ್ತಿರ ಹೋಗುವಷ್ಟೂ ಸಮಯ ಸಿಗುತ್ತಿರಲಿಲ್ಲ. ಅವರ ಮದ್ದು ಅವರಿಗೆ ತಪ್ಪಿನಿಂದ ಕಲಿಯುವ ಅವಕಾಶ ಕೊಟ್ಟಿತು. ಬ್ರಿಟಿಷರ ಮದ್ದು ಆ ಅವಕಾಶ ಕೊಡುವಂಥದ್ದಾಗಿರಲಿಲ್ಲ, ಅದಕ್ಕೇ ಅವರಿಗೆ ಬಾಗಿಲು ಇನ್ನೂ ಹೆಚ್ಚು ಮುಖ್ಯವಾಗಿತ್ತು.

ಆಮೇಲೆ

ಕದನ ಮುಗಿದ ಕೆಲವೇ ದಿನಗಳಲ್ಲಿ ಮದ್ದಿನ ಮನೆಯ ಬಾಗಿಲು ಮುಚ್ಚಿರಬೇಕೆಂದು ಸ್ವತಃ ಬೀಟಿಯೇ ತುರ್ತು ಸಂದೇಶ ಕಳಿಸಿದ. ಆದರೆ ಚರ್ಚೆ ಬಲುಬೇಗ ಕವಚದ ಕಡೆ ಹೊರಳಿತು. ಹಡಗುಗಳ ವಿನ್ಯಾಸದ ಹೊಣೆ ಹೊತ್ತಿದ್ದ ಟೆನಿಸನ್ ಡೆಯಿನ್‌ಕೋರ್ಟ್ ಮತ್ತು ನೌಕಾ ಆಡಳಿತದಲ್ಲಿ ಹಡಗು ನಿರ್ಮಾಣ ನೋಡಿಕೊಳ್ಳುತ್ತಿದ್ದ ಥರ್ಡ್ ಸೀ ಲಾರ್ಡ್ ಟ್ಯೂಡರ್, ದೋಷ ಮದ್ದನ್ನು ನಿಭಾಯಿಸಿದ ಕ್ರಮದಲ್ಲಿದೆ ಎಂದು ವಾದಿಸಿದರು. ಸಮುದ್ರದಲ್ಲಿ ಹೋರಾಡಿ ಬಂದವರಿಗೆ ಅದು ಸತ್ತವರ ಮೇಲೆ ತಪ್ಪು ಹೊರಿಸಿದಂತೆ ಕೇಳಿಸಿತು. ಈ ನೋವು ನನಗೆ ಅರ್ಥವಾಗುತ್ತದೆ. ಸಾವಿರ ಜನರ ಮನೆಗೆ ‘ಬಾಗಿಲು ಹಾಕಿರಲಿಲ್ಲ’ ಎಂದು ಬರೆಯುವುದಕ್ಕಿಂತ ‘ಉಕ್ಕು ತೆಳುವಾಗಿತ್ತು’ ಎಂದು ಬರೆಯುವುದು ಸುಲಭ. ಆ ವರ್ಷದ ಕೊನೆಗೆ ಜೆಲಿಕೋ ಫಸ್ಟ್ ಸೀ ಲಾರ್ಡ್, ಅಂದರೆ ಇಡೀ ನೌಕಾಪಡೆಯ ಮುಖ್ಯಸ್ಥ, ಆದ ಮೇಲೆ ವಿನ್ಯಾಸಕಾರರ ವಾದ ಬದಿಗೆ ಸರಿಯಿತು. ಹಡಗುಗಳಿಗೆ ಮದ್ದಿನ ಮನೆಯ ಮೇಲೆ ಹೆಚ್ಚಿನ ಉಕ್ಕೂ ಬಂತು, ಜ್ವಾಲೆ ತಡೆಯುವ ಕಿಂಡಿಗಳೂ ಬಂದವು. ಕೆಲಸ ಎರಡೂ ನಡೆದವು, ಹೆಸರು ಮಾತ್ರ ಉಕ್ಕಿಗೆ ಬಂತು.

1916ರ ಸೆಪ್ಟೆಂಬರಿನಲ್ಲಿ ಕಟ್ಟಲು ಶುರುಮಾಡಿದ ‘ಹುಡ್’ ಎಂಬ ಬ್ಯಾಟಲ್‌ಕ್ರೂಸರ್‌ಗೆ ಜಟ್‌ಲೆಂಡಿನ ನಂತರ ಸುಮಾರು 5,000 ಟನ್ ಕವಚ ಹೆಚ್ಚಿಗೆ ಸೇರಿಸಿದರು. 1941ರ ಮೇ 24ರಂದು ಜರ್ಮನಿಯ ಯುದ್ಧನೌಕೆ ‘ಬಿಸ್ಮಾರ್ಕ್’ ಎದುರು ಅದೂ ಸಿಡಿದು 1,415 ಜನ ಸತ್ತಾಗ, ಜಟ್‌ಲೆಂಡಿನ ಕಥೆಯೇ ಮತ್ತೆ ನಡೆಯಿತು ಎಂದು ಬಹಳ ಜನ ಬರೆದರು. ನಾನು ಅವೆರಡನ್ನೂ ಒಂದೇ ದಾರದಲ್ಲಿ ಪೋಣಿಸಲಾರೆ. ಹುಡ್ ವಿಷಯದಲ್ಲಿ ವಿಚಾರಣೆ ತಲುಪಿದ ತೀರ್ಮಾನವೆಂದರೆ ಗುಂಡು ಅಥವಾ ಅದರ ಸ್ಫೋಟ ನೇರವಾಗಿ ಹಿಂಭಾಗದ ಮದ್ದಿನ ಮನೆಗೇ ಹೋಯಿತು ಎಂಬುದು. ಅಲ್ಲಿ ಕವಚವೇ ಪ್ರಶ್ನೆ, ಗ್ರಾಂಟ್‌ನ ಬಾಗಿಲು ಏನೂ ಮಾಡಲಾಗುತ್ತಿರಲಿಲ್ಲ. ಎರಡು ಹಡಗು ಒಂದೇ ಥರ ಸಿಡಿದವು ಎಂದಮಾತ್ರಕ್ಕೆ ಕಾರಣವೂ ಒಂದೇ ಆಗಬೇಕಿಲ್ಲ.

ಲಯನ್ ಜೂನ್ 2ರಂದು ರೊಸೈತ್ ತಲುಪಿತು. ಬರುವ ದಾರಿಯಲ್ಲೇ ತನ್ನ ಸತ್ತವರನ್ನು ಸಮುದ್ರಕ್ಕೆ ಒಪ್ಪಿಸಿತ್ತು. ಕ್ಯೂ ಟರೆಟ್ಟನ್ನು ಬಿಚ್ಚಿ ದುರಸ್ತಿಗೆ ಕಳಿಸಿದರು. ಜುಲೈನಲ್ಲಿ ಹಡಗು ಮತ್ತೆ ಪಡೆಯನ್ನು ಸೇರಿಕೊಂಡಾಗ ಅದಕ್ಕೆ ಮೂರೇ ಟರೆಟ್. ನಾಲ್ಕನೆಯದು ಮರಳಿ ಬಂದು ಕೂತದ್ದು ಸೆಪ್ಟೆಂಬರಿನಲ್ಲಿ.